ಇಟಲಿಯ ಬೆಟ್ಟದೂರುಗಳಿಗೆ ಒಂದು ದಿನದ ಬಸ್ ಟೂರ್: ಅಮ್ಮನ ಮಂಡಿಗೆ ಆಗುತ್ತಾ?

ಪ್ರಶ್ನೆ: ನಾವು ಮೈಸೂರಿನವರು. ಮೇ ಮೂರನೇ ವಾರ ಇಟಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಜತೆಗೆ ಅಪ್ಪ (71) ಮತ್ತು ಅಮ್ಮ (66). ಫ್ಲಾರೆನ್ಸ್‌ನಲ್ಲಿ ನಾಲ್ಕು ರಾತ್ರಿ, ಆಮೇಲೆ ರೋಮ್‌ನಲ್ಲಿ ಮೂರು ರಾತ್ರಿ. ಫ್ಲಾರೆನ್ಸ್‌ನಿಂದ ಹೊರಡುವ ಒಂದು ದಿನದ ಗೈಡೆಡ್ ಬಸ್ ಟೂರ್ ನೋಡಿಟ್ಟಿದ್ದೇವೆ. ಸಿಯೆನಾ, ಸಾನ್ ಜಿಮಿನ್ಯಾನೊ, ಕಿಯಾಂಟಿಯ ದ್ರಾಕ್ಷಿ ತೋಟದಲ್ಲಿ ಊಟ, ಕೊನೆಗೆ ಪೀಸಾ. ಒಟ್ಟು ಹನ್ನೆರಡು ಗಂಟೆ. ಅಮ್ಮನಿಗೆ ಎರಡೂ ಮಂಡಿ ನೋವು. ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮೊಟ್ಟೆಯನ್ನೂ ತಿನ್ನುವುದಿಲ್ಲ. ‘ಬಸ್ ಇದೆಯಲ್ಲ, ಮೇಲಿನ ತನಕ ಬಿಡ್ತಾರೆ’ ಅಂತಾರೆ ಹೋಗಿಬಂದ ಪರಿಚಯದವರು. ‘ಬಸ್ ಟೂರ್ ಅಂದ್ರೆ ಬರೀ ಓಡಿಸ್ತಾರೆ, ಸುಮ್ನೆ ಕಾರು ಬಾಡಿಗೆಗೆ ತಗೊಳ್ಳಿ’ ಅಂತಾರೆ ನಮ್ಮ ಭಾವ. ಯಾರ ಮಾತು ಕೇಳೋಣ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಅಮ್ಮನ ಮಂಡಿ ಆ ದಿನವನ್ನು ತಡೆದುಕೊಳ್ಳುತ್ತಾ ಅನ್ನೋದು ಒಂದು. ಅಷ್ಟು ದುಡ್ಡು ಕೊಟ್ಟು ಬಸ್ಸಿನ ಕಿಟಕಿಯಿಂದ ಊರು ನೋಡಿ ಬಂದ ಹಾಗಾಗುತ್ತಾ ಅನ್ನೋದು ಇನ್ನೊಂದು. ಪರಿಚಯದವರ ಮಾತಿನಲ್ಲೂ ಭಾವನವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಇಬ್ಬರೂ ವಾಹನದ ಬಗ್ಗೆಯೇ ಮಾತಾಡುತ್ತಿದ್ದಾರೆ. ನನ್ನ ಕೆಲಸವೇ ಇಂಥ ಪ್ರವಾಸ ಹೊಂದಿಸಿಕೊಡುವುದು, ಗುಂಪಿನ ಜತೆ ಹೋಗುವುದು. ಬೆಟ್ಟದೂರುಗಳಲ್ಲಿ ಜನ ಸುಸ್ತಾಗುವುದು ಬಸ್ ನಿಂತ ಮೇಲೆ. ಎಲ್ಲಿ ಇಳಿಸುತ್ತಾರೆ, ಅಲ್ಲಿಂದ ಎಷ್ಟು ಏರು, ಕೋಟೆ ಗೋಡೆಯ ಒಳಗೆ ಎಷ್ಟು ನಿಮಿಷ ಸಿಗುತ್ತೆ, ಈ ಮೂರನ್ನು ನೋಡಿ ಟೂರ್ ಆರಿಸಬೇಕು. ಎಷ್ಟು ಊರು ತೋರಿಸುತ್ತಾರೆ ಅನ್ನುವುದನ್ನು ನೋಡಿ ಅಲ್ಲ.

ಮೊದಲು ‘ಮೇಲಿನ ತನಕ ಬಿಡ್ತಾರೆ’ ಅನ್ನುವ ಮಾತು. ಇದು ನಿಜವಲ್ಲ. ನಮ್ಮ ಚಿತ್ರದುರ್ಗದ ಕೋಟೆಗೆ ಹೋದವರಿಗೆ ಗೊತ್ತು, ಗಾಡಿ ಬಾಗಿಲಿನ ಹೊರಗೇ ನಿಲ್ಲುತ್ತೆ, ಒಳಗೆ ಕಾಲೇ ಗತಿ. ಇಲ್ಲೂ ಹಾಗೇ. ಸಿಯೆನಾದ ಹಳೇ ಊರಿನ ನಡುಭಾಗವನ್ನು 1960ರ ದಶಕದಲ್ಲೇ ಕಾರುಗಳಿಗೆ ಮುಚ್ಚಿದರು. ದೊಡ್ಡ ಬಸ್‌ಗಳಿಗೆ ಊರಂಚಿನಲ್ಲಿ ಗೊತ್ತು ಮಾಡಿದ ಜಾಗ ಇರುತ್ತೆ. ಅಲ್ಲಿ ತನಕ ಬರಲು ಮುನಿಸಿಪಾಲಿಟಿಗೆ ಶುಲ್ಕವನ್ನೂ ಕಟ್ಟಬೇಕು. ಸಾನ್ ಜಿಮಿನ್ಯಾನೊದಲ್ಲಿ ಇಳಿಸುವುದು ಗೋಡೆಯ ಹೊರಗೆ, ಸಾಮಾನ್ಯವಾಗಿ ದಕ್ಷಿಣದ ಪೋರ್ತಾ ಸಾನ್ ಜೊವಾನಿ ಬಾಗಿಲ ಕಡೆ. ಡ್ರೈವರ್‌ಗೆ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಅಮ್ಮನನ್ನು ಚೌಕದ ತನಕ ಬಿಡಲಾರ.

ಯಾಕೆ ಹೀಗೆ ಅಂತ ತಿಳಿದರೆ ಆ ಊರುಗಳೂ ಬೇರೆ ಥರ ಕಾಣುತ್ತವೆ. ಬೆಟ್ಟದ ಮೇಲೆ ಊರು ಕಟ್ಟಿದ್ದು ಶತ್ರುಗಳ ಭಯಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಕಾರಣ. ಹಳೇ ಕಾಲದಲ್ಲಿ ಕೆಳಗಿನ ಬಯಲುಗಳಲ್ಲಿ ಎಷ್ಟೋ ಕಡೆ ಜೌಗು, ಜೌಗಿದ್ದಲ್ಲಿ ಮಲೇರಿಯಾ. ಮೇಲೆ ಗಾಳಿ ಚೆನ್ನಾಗಿತ್ತು, ಜನ ಬದುಕುತ್ತಿದ್ದರು. ಜತೆಗೆ ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ಗೆ ಹೋಗುವ ಯಾತ್ರಿಕರ ದಾರಿ, ವಿಯಾ ಫ್ರಾಂಚಿಜೆನಾ, ಸಾನ್ ಜಿಮಿನ್ಯಾನೊ ಮತ್ತು ಸಿಯೆನಾ ಮೇಲೇ ಹಾದುಹೋಗುತ್ತಿತ್ತು. ಯಾತ್ರಿಕರು, ವ್ಯಾಪಾರಿಗಳು, ಲೇವಾದೇವಿ ಎಲ್ಲ ಸೇರಿ ಊರಿಗೆ ದುಡ್ಡು ಬಂತು. ದುಡ್ಡಿದ್ದ ಮನೆತನಗಳು ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದು ಗೋಪುರ ಎಬ್ಬಿಸಿದವು. ಸಾನ್ ಜಿಮಿನ್ಯಾನೊದಲ್ಲಿ ಒಂದು ಕಾಲಕ್ಕೆ 72 ಗೋಪುರ ಇದ್ದವು ಅಂತ ಅಲ್ಲಿಯವರು ಹೇಳುತ್ತಾರೆ. ಈಗ 14 ಉಳಿದಿವೆ.

ಆಮೇಲೆ 1348ರ ಪ್ಲೇಗ್ ಬಂತು. ಸಾನ್ ಜಿಮಿನ್ಯಾನೊದ ಬಹಳಷ್ಟು ಜನ ಸತ್ತರು, 1353ರಲ್ಲಿ ಊರು ಫ್ಲಾರೆನ್ಸ್‌ನ ಕೈಸೇರಿತು. ಓಡಾಟ ಕೆಳಗಿನ ಕಣಿವೆಯ ದಾರಿಗೆ ಸರಿಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಊರಿಗೆ ಮತ್ತೆ ಬರಲಿಲ್ಲ. ಇವತ್ತು ನಾವು ಬಾಯಿ ಬಿಟ್ಟುಕೊಂಡು ನೋಡುವ ಆ ಬೀದಿಗಳು ಹಾಗೇ ಉಳಿದದ್ದಕ್ಕೆ ಬಡತನ ದೊಡ್ಡ ಕಾರಣ. ಕತ್ತೆ, ಕುದುರೆ ಹೋಗುವ ಅಗಲಕ್ಕೆ ಮಾಡಿದ ಬೀದಿಯಲ್ಲಿ 50 ಸೀಟಿನ ಬಸ್ ತಿರುಗೋದಾದರೂ ಹೇಗೆ?

ಈಗ ಗಡಿಯಾರದ ಲೆಕ್ಕ. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಸಾನ್ ಜಿಮಿನ್ಯಾನೊ ಹತ್ತಿರ ಹತ್ತಿರ ಒಂದು ಗಂಟೆ. ಅಲ್ಲಿಂದ ಪೀಸಾಕ್ಕೆ ಮತ್ತೆ ಒಂದೂಕಾಲು ಗಂಟೆಗಿಂತ ಜಾಸ್ತಿ, ಪೀಸಾದಿಂದ ವಾಪಸ್ಸಿಗೂ ಅಷ್ಟೇ, ಸಂಜೆ ಟ್ರಾಫಿಕ್ ಸಿಕ್ಕರೆ ಇನ್ನೂ ಜಾಸ್ತಿ. ಅಲ್ಲಿಗೆ ಐದು ಗಂಟೆ ಬಸ್ಸಲ್ಲೇ ಹೋಯಿತು. ತೋಟದ ಊಟಕ್ಕೆ ಒಂದೂವರೆ ಗಂಟೆ. ಹನ್ನೆರಡರಲ್ಲಿ ಉಳಿಯುವುದು ಐದೂವರೆ, ಅದನ್ನು ಮೂರು ಊರು ಹಂಚಿಕೊಳ್ಳಬೇಕು. ಸಾಮಾನ್ಯವಾಗಿ ಸಿಯೆನಾಕ್ಕೆ ಎರಡು, ಎರಡೂವರೆ ಗಂಟೆ ಕೊಡುತ್ತಾರೆ, ಉಳಿದೆರಡಕ್ಕೆ ಒಂದೊಂದು ಗಂಟೆಯ ಆಸುಪಾಸು.

‘ಇನ್ನು ಹದಿನೈದು ನಿಮಿಷ ಕೊಡಿ’ ಅಂತ ಗೋಗರೆದರೂ ಗೈಡ್ ಕೊಡಲಾರರು. ಮುಂದಿನ ಊರಿನಲ್ಲಿ ಪ್ರವೇಶದ ಸಮಯ ಮೊದಲೇ ನಿಗದಿಯಾಗಿರುತ್ತೆ. ಯುರೋಪಿನ ಕಾನೂನಿನಂತೆ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ದಿನದ ಓಡಾಟಕ್ಕೂ ಮಿತಿ ಇದೆ. ಇದೆಲ್ಲ ಬಸ್ಸಿನಲ್ಲಿ ದಾಖಲಾಗುತ್ತೆ. ತಡವಾಗಿ ಬಂದವರನ್ನು ಬಿಟ್ಟು ಬಸ್ ಹೊರಡುವುದೂ ಉಂಟು. ನಿಮ್ಮ ಭಾವ ‘ಓಡಿಸ್ತಾರೆ’ ಅಂದದ್ದು ಇದೇ ಇರಬೇಕು. ಅದು ಗೈಡ್‌ಗಳ ದುರ್ಬುದ್ಧಿ ಅಲ್ಲ, ಒಂದು ದಿನಕ್ಕೆ ತುರುಕಿದ ಊರುಗಳ ಫಲ.

ಸಾನ್ ಜಿಮಿನ್ಯಾನೊದ ಆ ಒಂದು ಗಂಟೆಯನ್ನು ಹತ್ತಿರದಿಂದ ನೋಡೋಣ, ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಬಸ್ ಇಳಿದು ಬಾಗಿಲು ದಾಟಿದರೆ ವಿಯಾ ಸಾನ್ ಜೊವಾನಿ ಬೀದಿ. ಎರಡೂ ಕಡೆ ಚರ್ಮದ ಚೀಲ, ಕೇಸರಿ, ವೈನ್ ಅಂಗಡಿಗಳು. ಕಣ್ಣು ಅಂಗಡಿ ಮೇಲಿರುತ್ತೆ, ಬೀದಿ ಒಂದೇ ಸಮನೆ ಏರುತ್ತಿರುವುದು ಗೊತ್ತೇ ಆಗುವುದಿಲ್ಲ. ಮೆಟ್ಟಿಲಿಲ್ಲ, ಆದರೆ ಉದ್ದಕ್ಕೂ ಚಪ್ಪಡಿ ಕಲ್ಲು, ಮಳೆ ಬಿದ್ದರೆ ಜಾರುತ್ತೆ. ಕಮಾನು ದಾಟಿದರೆ ಪಿಯಾಜಾ ದೆಲ್ಲಾ ಚಿಸ್ತೆರ್ನಾ, ಬಾವಿಯ ಚೌಕ. ಬಾವಿ 13ನೇ ಶತಮಾನದ್ದು. ಕಟ್ಟೆಯ ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ, ಮಗಳಿಗೆ ಬೆರಳಿಟ್ಟು ನೋಡಲು ಹೇಳಿ. ಅಮ್ಮನ ನಡಿಗೆಗೆ ಇಲ್ಲಿ ತಲುಪಲು ಹತ್ತು ಹದಿನೈದು ನಿಮಿಷ ಹಿಡಿಯಬಹುದು, ಇಳಿಯಲೂ ಅಷ್ಟೇ. ಕೈಗೆ ಸಿಗುವುದು ಮೂವತ್ತೈದು, ನಲವತ್ತು ನಿಮಿಷ. ಅಷ್ಟರಲ್ಲಿ ನಿಮ್ಮವರು ಮತ್ತು ಮಗಳು 54 ಮೀಟರ್ ಎತ್ತರದ ತೊರ್ರೆ ಗ್ರೊಸಾ ಗೋಪುರದ 218 ಮೆಟ್ಟಿಲು ಹತ್ತಬೇಕಾ, ಇಲ್ಲ ಪಕ್ಕದ ದೊಡ್ಡ ಚರ್ಚ್‌ನ ಒಳಗೋಡೆ ತುಂಬ ಇರುವ 14ನೇ ಶತಮಾನದ ಬೈಬಲ್ ಚಿತ್ರಗಳನ್ನು ನೋಡಬೇಕಾ ಅಂತ ಒಂದನ್ನು ಆರಿಸಬೇಕು. ನನ್ನ ಆಯ್ಕೆ ಚರ್ಚ್.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಮಂಡಿ ನೋವಿರುವವರಿಗೆ ಎಷ್ಟೋ ಸಲ ಏರಿಗಿಂತ ಇಳಿಜಾರೇ ಜಾಸ್ತಿ ನೋವು ಕೊಡುತ್ತೆ. ಏರುವಾಗ ಉತ್ಸಾಹದಲ್ಲಿ ಏರಿಬಿಡುತ್ತಾರೆ, ಬಸ್ಸಿಗೆ ಹೊತ್ತಾಯಿತು ಅಂತ ಇಳಿಯುವಾಗ ತೊಂದರೆ ಶುರು. ನಾನು ಗುಂಪಿನಲ್ಲಿರುವ ಹಿರಿಯರಿಗೆ ಹದಿನೈದು ನಿಮಿಷ ಮುಂಚೆಯೇ ಇಳಿಯಲು ಶುರು ಮಾಡಿ ಅನ್ನುತ್ತೇನೆ. ಮಡಚುವ ಊರುಗೋಲು ಒಂದಿರಲಿ, ಅಡಿಭಾಗ ಹಿಡಿತ ಕೊಡುವ ಶೂ ಇರಲಿ. ಹೊಸ ಶೂ ಆ ದಿನವೇ ಹಾಕಿಸಬೇಡಿ. ಮಾತ್ರೆ, ಮಂಡಿ ಪಟ್ಟಿ ಬಗ್ಗೆ ಅಮ್ಮನ ಡಾಕ್ಟರ್ ಹತ್ತಿರ ಹೊರಡುವ ಮುಂಚೆ ಮಾತಾಡಿ.

ಸಿಯೆನಾ ದೊಡ್ಡದು, ಅಲ್ಲಿ ನಡಿಗೆಯೂ ಜಾಸ್ತಿ. ಊರು ಮೂರು ದಿಣ್ಣೆಗಳ ಮೇಲೆ ಹರಡಿದೆ, ಯಾವ ಕಡೆ ಹೋದರೂ ಒಂದಿಷ್ಟು ಏರು ಒಂದಿಷ್ಟು ಇಳಿಜಾರು. ನಡುವೆ ಪಿಯಾಜಾ ದೆಲ್ ಕಾಂಪೊ. ಚಿಪ್ಪಿನ ಆಕಾರದ ಇಟ್ಟಿಗೆ ಚೌಕ, ಒಂಬತ್ತು ಭಾಗ ಮಾಡಿ ಹಾಸಿದ್ದಾರೆ. 1287ರಿಂದ 1355ರವರೆಗೆ ಊರು ಆಳಿದ ಒಂಬತ್ತು ಜನರ ಸರ್ಕಾರದ ಗುರುತು ಅದು. ಇಡೀ ಚೌಕ ಪುರಭವನದ ಕಡೆಗೆ ಇಳಿಜಾರು, ಮಳೆ ನೀರೆಲ್ಲ ಅಲ್ಲಿ ಕೆಳಗೆ ಒಂದೇ ಕಡೆ ಹೋಗುತ್ತೆ. ಜನ ಆ ಇಟ್ಟಿಗೆ ಮೇಲೇ ಕಾಲು ಚಾಚಿ ಕೂರುತ್ತಾರೆ. ಅಮ್ಮನಿಗೆ ನೆಲದಿಂದ ಏಳೋದು ಕಷ್ಟ ಆದೀತು, ಅಂಚಿನ ಕೆಫೆಯ ಕುರ್ಚಿ ಹಿಡಿಯಿರಿ. ಚೌಕದ ಕೆಫೆಯಲ್ಲಿ ಕಾಫಿ ಸ್ವಲ್ಪ ದುಬಾರಿ, ಆದರೆ ಆ ಕುರ್ಚಿಗೆ, ಆ ನೋಟಕ್ಕೆ, ಟಾಯ್ಲೆಟ್‌ಗೆ ಕೊಟ್ಟ ದುಡ್ಡು ಅಂದುಕೊಳ್ಳಿ.

ಗುಂಪಿನ ಜತೆ ಎಲ್ಲರೂ ಎಲ್ಲ ಕಡೆ ನಡೆಯಲೇಬೇಕು ಅಂತ ಯಾರೂ ಹೇಳಿಲ್ಲ. ಕ್ಯಾಥೆಡ್ರಲ್ ಕಾಂಪೊಗಿಂತ ಎತ್ತರದಲ್ಲಿದೆ. ಅಮ್ಮನಿಗೆ ಅಷ್ಟು ಹೊತ್ತಿಗೆ ಸಾಕಾಗಿದ್ದರೆ ಅಪ್ಪ ಜತೆಗೆ ಕೂರಲಿ, ನೀವು ಮೂವರು ಹೋಗಿ ಬನ್ನಿ. ಎಲ್ಲಿ ಎಷ್ಟು ಹೊತ್ತಿಗೆ ಸೇರಬೇಕು ಅಂತ ಗೈಡ್‌ಗೆ ಮುಂಚೆಯೇ ಹೇಳಿ, ಅವರ ನಂಬರ್ ಅಪ್ಪನ ಫೋನಿನಲ್ಲೂ ಇರಲಿ. ಕ್ಯಾಥೆಡ್ರಲ್‌ನ ಅಮೃತಶಿಲೆ ನೆಲದ ಫೋಟೊ ನೋಡಿ ಆಸೆಪಟ್ಟಿದ್ದರೆ ಒಂದು ಮಾತು: ಆ ನೆಲವನ್ನು ವರ್ಷದ ಕೆಲವು ತಿಂಗಳು ಮಾತ್ರ ಪೂರ್ತಿ ತೆರೆದಿಡುತ್ತಾರೆ. ಮೇ ತಿಂಗಳಲ್ಲಿ ಬಹಳಷ್ಟು ಭಾಗ ಮುಚ್ಚಿರುತ್ತೆ. ಜುಲೈ 2 ಮತ್ತು ಆಗಸ್ಟ್ 16ರ ಪಾಲಿಯೊ ಕುದುರೆ ಪಂದ್ಯದ ಗದ್ದಲ ನಿಮಗೆ ಸಿಗುವುದಿಲ್ಲ, ಹಿರಿಯರ ಜತೆ ಹೋಗುವವರಿಗೆ ಅದು ಒಳ್ಳೆಯದೇ. ಚರ್ಚ್‌ಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು. ಅಮ್ಮನ ಸೀರೆಗೆ ಸಮಸ್ಯೆ ಇಲ್ಲ, ಮಗಳ ಶಾರ್ಟ್ಸ್ ನೋಡಿಕೊಳ್ಳಿ.

‘ಗೈಡೆಡ್’ ಅಂದರೆ ಒಬ್ಬರೇ ದಿನವಿಡೀ ಜತೆಗಿದ್ದು ಎಲ್ಲ ವಿವರಿಸುತ್ತಾರೆ ಅನ್ನುವುದೂ ತಪ್ಪು ಎಣಿಕೆ. ಇಟಲಿಯಲ್ಲಿ ಗುಂಪನ್ನು ಕರೆದೊಯ್ಯುವ ಟೂರ್ ಲೀಡರ್ ಬೇರೆ, ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದ ಗೈಡ್ ಬೇರೆ. 2023ರ ಡಿಸೆಂಬರ್‌ನಲ್ಲಿ ಗೈಡ್‌ಗಳಿಗಾಗಿ ದೇಶಕ್ಕೆಲ್ಲ ಒಂದೇ ಕಾನೂನು ಮಾಡಿದರು. ಸ್ಮಾರಕಗಳ ಮುಂದೆ ನಿಂತು ವಿವರಣೆ ಕೊಡುವುದು ಲೈಸೆನ್ಸ್ ಇರುವವರ ಕೆಲಸ. ಅದಕ್ಕೇ ಬಹಳಷ್ಟು ಟೂರ್‌ಗಳಲ್ಲಿ ಸಿಯೆನಾಕ್ಕೆ ಮಾತ್ರ ಗೈಡ್ ಬಂದು ಸೇರಿಕೊಳ್ಳುತ್ತಾರೆ, ಸಾನ್ ಜಿಮಿನ್ಯಾನೊ, ಪೀಸಾದಲ್ಲಿ ‘ಫ್ರೀ ಟೈಮ್’ ಅಂತ ಬಿಟ್ಟುಬಿಡುತ್ತಾರೆ. ಇದು ಮೋಸ ಅಲ್ಲ, ಟಿಕೆಟ್ ವಿವರದಲ್ಲಿ ಬರೆದಿರುತ್ತಾರೆ. ನಾವು ಓದಿರುವುದಿಲ್ಲ, ಅಷ್ಟೇ.

ಪೀಸಾ ವಿಷಯಕ್ಕೆ ನೇರವಾಗಿ ಹೇಳುತ್ತೇನೆ: ಈ ದಿನದಿಂದ ಅದನ್ನು ತೆಗೆದುಹಾಕಿ. ಪೀಸಾ ಬೆಟ್ಟದೂರೇ ಅಲ್ಲ, ಬಯಲಿನ ಊರು. ಟೂರ್ ಬಸ್‌ಗಳ ನಿಲ್ದಾಣ ಗೋಪುರದಿಂದ ದೂರ, ಹತ್ತು ಹದಿನೈದು ನಿಮಿಷ ನಡೆಯಬೇಕು. ಅದೂ ಸಾಯಂಕಾಲ, ಎಲ್ಲರಿಗೂ ಕಾಲು ಸೋತ ಮೇಲೆ. ಗೋಪುರ ಹತ್ತುವ ಟಿಕೆಟ್‌ಗೆ ಬೇರೆ ಸಮಯ ಕಾದಿರಿಸಬೇಕು, ಟೂರ್ ದರದಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಎಂಟು ವರ್ಷದ ಒಳಗಿನ ಮಕ್ಕಳನ್ನು ಬಿಡುವುದಿಲ್ಲ, ನಿಮ್ಮ ಮಗಳು ದೊಡ್ಡವರ ಜತೆ ಹತ್ತಬಹುದು. ಅವಳಿಗೆ ವಾಲಿದ ಗೋಪುರ ನೋಡಲೇಬೇಕು ಅಂತಿದ್ದರೆ ಫ್ಲಾರೆನ್ಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಇನ್ನೊಂದು ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು. ಪೀಸಾ ಇಲ್ಲದೆ ಸಿಯೆನಾ, ಸಾನ್ ಜಿಮಿನ್ಯಾನೊ, ಕಿಯಾಂಟಿ ಊಟ ಇಷ್ಟೇ ಇರುವ ಟೂರ್‌ಗಳೂ ಸಿಗುತ್ತವೆ. ಕೆಲವು ಜತೆಗೆ ಮೊಂಟೆರಿಜೋನಿ ಸೇರಿಸುತ್ತವೆ. ಸಿಯೆನಾದವರು 13ನೇ ಶತಮಾನದ ಆರಂಭದಲ್ಲಿ ಕಟ್ಟಿದ ಪುಟ್ಟ ಕೋಟೆ ಅದು. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದ ನರಕದ ಭಾಗದಲ್ಲಿ ಅದರ ಗೋಪುರಗಳನ್ನು ನೆನೆದಿದ್ದಾನೆ. ಕೆಳಗಿನ ಪಾರ್ಕಿಂಗ್‌ನಿಂದ ಬಾಗಿಲಿಗೆ ಏರು ಕಡಿಮೆ ದೂರ, ಆದರೆ ಕಡಿದು. ಅಮ್ಮ ಅಲ್ಲಿ ಬಸ್ಸಲ್ಲೇ ಕೂತರೂ ನಷ್ಟ ಇಲ್ಲ.

ಕಾರಿನ ಸಲಹೆಗೆ ಬರೋಣ. ಕಾರಿದ್ದರೆ ಬೇಕಾದಲ್ಲಿ ನಿಲ್ಲಬಹುದು, ಹೊರಡುವ ಹೊತ್ತು ನಮ್ಮ ಕೈಯಲ್ಲಿರುತ್ತೆ, ನಿಜ. ಆದರೆ ಈ ಊರುಗಳಲ್ಲೆಲ್ಲ ‘ಝಡ್‌ಟಿಎಲ್’ ಅನ್ನುವ ನಿರ್ಬಂಧಿತ ವಲಯ ಇದೆ. ಆ ವಲಯ ಶುರುವಾಗುವಲ್ಲಿ ಕ್ಯಾಮೆರಾ ಇಟ್ಟಿರುತ್ತಾರೆ. ಪರ್ಮಿಟ್ ಇಲ್ಲದೆ ದಾಟಿದರೆ ನಂಬರ್ ಪ್ಲೇಟಿನ ಫೋಟೊ ಬೀಳುತ್ತೆ. ಪೊಲೀಸರು ತಡೆಯುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ತಿಂಗಳುಗಳ ಮೇಲೆ ಮೈಸೂರಿನ ಮನೆಗೆ ದಂಡದ ನೋಟಿಸ್ ಬರುತ್ತೆ. ಅದಕ್ಕೂ ಮುಂಚೆ ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಅಂತ ಕಾರ್ಡಿನಿಂದ ತನ್ನ ಶುಲ್ಕ ಕತ್ತರಿಸಿಕೊಂಡಿರುತ್ತೆ. ಒಂದೇ ದಿನ ಎರಡು ಮೂರು ಸಲ ದಾಟಿದರೆ ಅಷ್ಟೂ ಸಲ ದಂಡ ಬೀಳಬಹುದು. ನಮ್ಮ ಲೈಸೆನ್ಸ್ ಜತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಬೇಕು. ಎಡಗಡೆ ಓಡಿಸಿ ರೂಢಿಯಾದವರು ಅಲ್ಲಿ ಬಲಗಡೆ ಓಡಿಸಬೇಕು. ಇಷ್ಟೆಲ್ಲ ಆದ ಮೇಲೂ ಕಾರು ಗೋಡೆಯ ಹೊರಗೇ ನಿಲ್ಲಬೇಕು. ಅಮ್ಮನ ಏರು ಒಂದಡಿಯೂ ಕಡಿಮೆಯಾಗುವುದಿಲ್ಲ.

ಐದು ಜನ ಇರುವುದರಿಂದ ಡ್ರೈವರ್ ಸಮೇತ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುವುದು ಯೋಚಿಸಬೇಕಾದ ದಾರಿ. ಲೈಸೆನ್ಸ್ ಇರುವ ಇಂಥ ವಾಹನಗಳಿಗೆ ಎಷ್ಟೋ ಊರುಗಳು ಒಳಗೆ ಬಂದು ಇಳಿಸಲು ಅನುಮತಿ ಕೊಡುತ್ತವೆ, ಅಮ್ಮನಿಗೆ ದೊಡ್ಡ ಉಪಕಾರ ಆಗುತ್ತೆ. ಐದು ಬಸ್ ಟಿಕೆಟ್‌ಗಿಂತ ದುಬಾರಿಯೇ ಆಗುತ್ತೆ. ಡ್ರೈವರ್ ಗೈಡ್ ಅಲ್ಲ, ಸಿಯೆನಾದಲ್ಲಿ ಎರಡು ಗಂಟೆಗೆ ಒಬ್ಬ ಲೈಸೆನ್ಸ್ ಇರುವ ಗೈಡ್ ಬೇರೆ ಗೊತ್ತು ಮಾಡಬೇಕು. ‘ಎರಡೂ ಊರಿನಲ್ಲಿ ಯಾವ ಜಾಗದಲ್ಲಿ ಇಳಿಸುತ್ತೀರಿ’ ಅಂತ ಬರಹದಲ್ಲಿ ಉತ್ತರ ತೆಗೆದುಕೊಂಡ ಮೇಲೇ ಅಡ್ವಾನ್ಸ್ ಕೊಡಿ.

ಸಿಯೆನಾ ಒಂದನ್ನೇ ನಿಧಾನವಾಗಿ ನೋಡುವುದಾದರೆ ಸಾರ್ವಜನಿಕ ಸೇವೆಯ ಲೈನ್ ಬಸ್ ಚೆನ್ನಾಗಿದೆ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಪಕ್ಕದಿಂದ ಸಿಯೆನಾಕ್ಕೆ ಹೋಗುವ ವೇಗದ ಬಸ್ ಮೇಲಿನ ಊರಿನ ಅಂಚಿಗೇ ತಲುಪಿಸುತ್ತೆ. ರೈಲಿನಲ್ಲಿ ಹೋದರೆ ನಿಲ್ದಾಣ ಕೆಳಗೆ ಕಣಿವೆಯಲ್ಲಿ. ಅಲ್ಲಿಂದ ಎಸ್ಕಲೇಟರ್‌ಗಳ ಸಾಲು ಹತ್ತಿಸುತ್ತೆ, ಆದರೂ ಆಮೇಲೆ ಕಾಂಪೊ ತನಕ ಒಂದು ಕಿಲೋಮೀಟರ್‌ಗೂ ಜಾಸ್ತಿ ನಡಿಗೆ. ಸುಸ್ತಾದರೆ ಟ್ಯಾಕ್ಸಿ ಸಿಗುತ್ತೆ, ಟ್ಯಾಕ್ಸಿಗಳಿಗೆ ನಿರ್ಬಂಧಿತ ವಲಯಕ್ಕೆ ಪ್ರವೇಶ ಇದೆ. ತೊಂದರೆ ಏನೆಂದರೆ ಭಾನುವಾರ, ರಜಾದಿನ ಬಸ್‌ಗಳು ಕಡಿಮೆ. ಮುಷ್ಕರಗಳೂ ಆಗುತ್ತಿರುತ್ತವೆ. ಮುಂಚೆಯೇ ಪ್ರಕಟಿಸುತ್ತಾರೆ, ಹಿಂದಿನ ದಿನ ಹೋಟೆಲ್‌ನಲ್ಲಿ ಕೇಳಿಕೊಳ್ಳಿ.

ನೀವು ಕೇಳದ ಒಂದು ಊರನ್ನೂ ಹೇಳಬೇಕು. ಆಮೇಲೆ ರೋಮ್‌ನಲ್ಲಿ ಮೂರು ರಾತ್ರಿ ಇರುತ್ತೀರಲ್ಲ, ಅಲ್ಲಿಂದ ಒರ್ವಿಯೆಟೊಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಜ್ವಾಲಾಮುಖಿ ಕಲ್ಲಿನ ದೊಡ್ಡ ಬಂಡೆಯ ಮೇಲೆ ಕೂತ ಊರು. ರೈಲು ನಿಲ್ದಾಣದ ಎದುರಿಗೇ ಹಳಿ ಮೇಲೆ ಹಗ್ಗ ಎಳೆಯುವ ಫ್ಯುನಿಕ್ಯುಲರ್ ಗಾಡಿ ಇದೆ, ಕೆಲವೇ ನಿಮಿಷದಲ್ಲಿ ಮೇಲಕ್ಕೆ ತಲುಪಿಸುತ್ತೆ. ಅಲ್ಲಿಂದ ಕ್ಯಾಥೆಡ್ರಲ್‌ಗೆ ಪುಟ್ಟ ಬಸ್. ಮೇಲಿನ ಊರು ಬೇರೆ ಬೆಟ್ಟದೂರುಗಳಷ್ಟು ಏರಿಳಿತ ಇಲ್ಲ. 1290ರಲ್ಲಿ ಕಟ್ಟಲು ಶುರು ಮಾಡಿದ ಆ ಕ್ಯಾಥೆಡ್ರಲ್‌ನ ಮುಂಭಾಗದ ಚಿನ್ನದ ಮೊಸಾಯಿಕ್ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಾಗ ಅಮ್ಮ ಎದುರಿಗೆ ಕೂತು ನೋಡಬಹುದು. ಮಗಳಿಗೆ 53 ಮೀಟರ್ ಆಳದ ಸಂತ ಪ್ಯಾಟ್ರಿಕ್ ಬಾವಿ ಇದೆ. ಇಳಿಯಲು ಒಂದು ಸುರುಳಿ ಮೆಟ್ಟಿಲು, ಹತ್ತಲು ಇನ್ನೊಂದು, ಇಳಿಯುವ ಕತ್ತೆಗೂ ಹತ್ತುವ ಕತ್ತೆಗೂ ಎದುರಾಗಬಾರದು ಅಂತ ಮಾಡಿದ್ದು. 248 ಮೆಟ್ಟಿಲು, ಅಮ್ಮ ಮೇಲೆಯೇ ಇರಲಿ.

ಊಟದ ವಿಷಯ. ತೋಟದ ಊಟದಲ್ಲಿ ಹಂದಿಮಾಂಸದ ತಣ್ಣನೆ ತುಂಡು, ಚೀಸ್, ಬ್ರೆಡ್, ಒಂದು ಪಾಸ್ತಾ ಇರುವುದು ಸಾಮಾನ್ಯ. ‘ವೆಜಿಟೇರಿಯನ್’ ಅಂದರೆ ಮಾಂಸದ ತುಂಡು ತೆಗೆದು ಚೀಸ್ ಜಾಸ್ತಿ ಹಾಕಿಕೊಡುತ್ತಾರೆ. ಮೊಟ್ಟೆ ಬೇಡ ಅಂತ ಬೇರೆಯಾಗಿ ಹೇಳಬೇಕು, ಯಾಕಂದರೆ ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತೆ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಿಯೆನಾ ಕಡೆಯ ‘ಪೀಚಿ’ ಅನ್ನುವ ದಪ್ಪ ಶಾವಿಗೆಯಂಥ ಪಾಸ್ತಾವನ್ನು ಬಹಳ ಕಡೆ ಬರೀ ಹಿಟ್ಟು, ನೀರಿನಲ್ಲಿ ಮಾಡುತ್ತಾರೆ, ಆದರೂ ಕೇಳಿ ತಿನ್ನಿ. ತರಕಾರಿ ಸೂಪ್‌ಗೆ ಮಾಂಸದ ರಸ ಹಾಕಿರಬಹುದು. ಪಾರ್ಮೆಜಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುವುದು ನಿಯಮ, ಪೆಕೊರಿನೊ ಅನ್ನುವ ಕುರಿ ಹಾಲಿನ ಚೀಸ್ ಕೂಡ ಬಹಳಷ್ಟು ಪ್ರಾಣಿಯ ಹೆಪ್ಪಿನದೇ. ತುಂಬ ಜನ ಸಸ್ಯಾಹಾರಿಗಳಿಗೆ ಇದು ಗೊತ್ತಿರುವುದಿಲ್ಲ. ತಿನ್ನುವುದು ಬಿಡುವುದು ಅಮ್ಮನಿಗೆ ಬಿಟ್ಟದ್ದು, ತಿಳಿಸುವುದು ನನ್ನ ಕೆಲಸ. ಸಿಯೆನಾದ ಪಾನ್‌ಫೋರ್ತೆ ಅನ್ನುವ ಬಾದಾಮಿ, ಜೇನು, ಮಸಾಲೆಯ ಗಟ್ಟಿ ಸಿಹಿ ಸಾಮಾನ್ಯವಾಗಿ ಮೊಟ್ಟೆ ಇಲ್ಲದ್ದು. ಒಂದು ತುಂಡು ಚೀಲದಲ್ಲಿದ್ದರೆ ಸಂಜೆ ತನಕ ಹೊಟ್ಟೆಗೆ ಆಧಾರ. ಬಸ್ಸಿನೊಳಗೆ ತಿನ್ನಲು ಸಾಮಾನ್ಯವಾಗಿ ಬಿಡುವುದಿಲ್ಲ, ಚಪಾತಿ ಕಟ್ಟಿಕೊಂಡಿದ್ದರೆ ಇಳಿದ ಮೇಲೆ ತಿನ್ನಿ.

ನಿಮ್ಮ ಮನೆಯವರಿಗೆ ನಾನು ಏನು ಮಾಡುತ್ತಿದ್ದೆ ಅಂದರೆ, ಪೀಸಾ ಇಲ್ಲದ ಬಸ್ ಟೂರ್ ಅಥವಾ ಡ್ರೈವರ್ ಸಮೇತ ವ್ಯಾನ್. ದುಡ್ಡಿಗೆ ತೊಂದರೆ ಇಲ್ಲದಿದ್ದರೆ ವ್ಯಾನೇ ಮೇಲು, ಕಾರಣ ಅಮ್ಮನ ಮಂಡಿ. ಬಸ್ಸೇ ಆದರೆ ಫ್ಲಾರೆನ್ಸ್ ತಲುಪಿದ ಮರುದಿನವೇ ಇಡಬೇಡಿ, ವಿಮಾನದ ಆಯಾಸ ಇಳಿಯಲಿ. ಮರುದಿನ ಬೆಳಗ್ಗೆ ಏನೂ ಬುಕ್ ಮಾಡಬೇಡಿ. ಟೂರ್‌ನವರಿಗೆ ಒಂದು ಇ-ಮೇಲ್ ಹಾಕಿ: ಪ್ರತಿ ಊರಿನಲ್ಲೂ ಬಸ್ ಎಲ್ಲಿ ನಿಲ್ಲುತ್ತೆ, ಅಲ್ಲಿಂದ ಚೌಕಕ್ಕೆ ಎಷ್ಟು ಮೀಟರ್ ಏರು, ಒಟ್ಟು ಎಷ್ಟು ನಿಮಿಷ ಬಿಡುವು, ಗೈಡ್ ಯಾವ ಊರಿಗೆ ಮಾತ್ರ, ಮೊಟ್ಟೆ ಮತ್ತು ಮಾಂಸದ ರಸ ಇಲ್ಲದ ಊಟ ಸಿಗುತ್ತಾ. ಎರಡು ದಿನದಲ್ಲಿ ನೇರ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ಬಸ್ ಹೊರಡುವ ಜಾಗವನ್ನು ಹಿಂದಿನ ಸಂಜೆಯೇ ಒಮ್ಮೆ ಹೋಗಿ ನೋಡಿಬನ್ನಿ. ಫ್ಲಾರೆನ್ಸ್‌ನ ನಡುಭಾಗಕ್ಕೂ ದೊಡ್ಡ ಬಸ್ ಬರುವಂತಿಲ್ಲ. ಕೆಲವು ನಿಲ್ದಾಣದ ಪಕ್ಕದಿಂದ ಹೊರಟರೆ, ಇನ್ನು ಕೆಲವು ಟ್ರಾಮ್ ಹಿಡಿದು ಹೋಗಬೇಕಾದ ಊರಾಚೆಯ ಪಾರ್ಕಿಂಗ್‌ನಿಂದ ಹೊರಡುತ್ತವೆ.